ಬಿಡುಗಡೆಯ ದಿನಕ್ಕೊಂದು ರಜೆ

(ಫೆಬ್ರವರಿ ತಿಂಗಳ ಕಾರ್ಮಿಕ ಕುಟುಂಬ ಕೂಟದಲ್ಲಿ ಉಪದೇಶಿಯವರು ಮಾಡಿದ ಭಾಷಣ)



ವಾರವೆಲ್ಲ ತೋಟದಲ್ಲಿ ದುಡಿದಿದ್ದೀರಿ. ಭಾನುವಾರ ಬಂದರೆ ಬಟ್ಟೆ ಒಗೆಯುವುದು, ಸೌದೆ ತರುವುದು, ಸಂತೆಗೆ ಹೋಗುವುದು ಎಂದು ನೂರು ಕೆಲಸ. ಅದನ್ನೆಲ್ಲ ಬಿಟ್ಟು ಇಲ್ಲಿ ಬಂದು ಕುಳಿತಿದ್ದೀರಿ. ಆದ್ದರಿಂದ ಹೆಚ್ಚು ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಇವತ್ತಿನ ವಿಷಯವೇ ರಜೆ.

ನಮಗೆ ಗೊತ್ತಿರುವ ರಜೆಗಳು ಯಾವುವು? ಜನವರಿ 26, ಆಗಸ್ಟ್ 15, ಮೇ ದಿನ, ಗಾಂಧಿ ಜಯಂತಿ. ಆಮೇಲೆ ಕ್ರಿಸ್ಮಸ್, ಪೊಂಗಲ್, ಓಣಂ, ದೀಪಾವಳಿ. ಕೆಲಸಕ್ಕೆ ಹೋಗದೆ ಮನೆಯಲ್ಲಿ ಕುಳಿತರೂ ಕೂಲಿ ಬರುವ ರಜೆ ಎಂಬುದು ಆಕಾಶದಿಂದ ಬಿದ್ದದ್ದಲ್ಲ. 1958ರಲ್ಲಿ ಆಗಿನ ಮದ್ರಾಸ್ ರಾಜ್ಯವೂ ಕೇರಳ ರಾಜ್ಯವೂ ರಾಷ್ಟ್ರೀಯ ದಿನಗಳಿಗೂ ಹಬ್ಬದ ದಿನಗಳಿಗೂ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನು ಮಾಡಿದವು. ಅದಕ್ಕೆ ಮುಂಚಿನ ಕಾಲವನ್ನು ನಮ್ಮ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ರಜೆ ಎಂದರೆ ಆ ದಿನ ಒಲೆ ಉರಿಯುವುದಿಲ್ಲ ಎಂದೇ ಅರ್ಥವಿತ್ತು.

ಈಗ ನಾನು ಹೇಳಹೊರಟಿರುವುದು ನಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ರಜೆಯ ಸಂಗತಿ. ಅದು ಗುಲಾಮಗಿರಿ ಮುಗಿದ ದಿನದ ರಜೆ. ಮಾರಿಷಸ್ ದ್ವೀಪದಲ್ಲಿ ಅದು ಫೆಬ್ರವರಿ 1. ಜಮೈಕಾ, ಟ್ರಿನಿಡಾಡ್ ಮುಂತಾದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಆಗಸ್ಟ್ 1. ಅಮೆರಿಕದಲ್ಲಿ ಜೂನ್ 19. ಯಾವುದೋ ದೂರದೇಶದ ರಜೆ ನಮಗೇಕೆ ಎಂದು ಕೇಳಬೇಡಿ. ಆ ದ್ವೀಪಗಳೂ ನಮ್ಮ ಹಾಗೆ ಎಸ್ಟೇಟುಗಳ ದೇಶಗಳೇ. ಅಲ್ಲಿ ಬೆಳೆ ಕಬ್ಬು, ಇಲ್ಲಿ ಚಹಾ, ಕಾಫಿ. ಅಷ್ಟೇ ವ್ಯತ್ಯಾಸ.

ಆ ಕಬ್ಬಿನ ತೋಟಗಳಲ್ಲಿ ಬೆಳಗಾಗುವ ಮುಂಚೆಯೇ ಶಂಖ ಊದಿಯೋ ಗಂಟೆ ಬಾರಿಸಿಯೋ ಜನರನ್ನು ಎಬ್ಬಿಸುತ್ತಿದ್ದರು. ಗಟ್ಟಿಮುಟ್ಟಾದ ಗಂಡಸರೂ ಹೆಂಗಸರೂ ಮೊದಲನೆಯ ಗ್ಯಾಂಗು. ಮೈಯಲ್ಲಿ ಬಲ ಕಡಿಮೆ ಇದ್ದವರದು ಎರಡನೆಯ ಗ್ಯಾಂಗು. ಚಿಕ್ಕ ಮಕ್ಕಳದು ಹುಲ್ಲು ಕೀಳುವ ಗ್ಯಾಂಗು. ಹಿಂದೆ ಚಾಟಿ ಹಿಡಿದ ಮೇಸ್ತ್ರಿ. ಅವರಿಗೆ ಕೂಲಿ ಇಲ್ಲ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನ ಅವರು, ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ತೋಟವನ್ನು ಮಾರಿದರೆ ಎತ್ತು, ಗಾಡಿ, ಗಾಣಗಳ ಜೊತೆಗೆ ಅವರನ್ನೂ ಪಟ್ಟಿಯಲ್ಲಿ ಬರೆದು ಮಾರುತ್ತಿದ್ದರು. ಹೆಂಡತಿ ಒಬ್ಬನ ಪಾಲು, ಗಂಡ ಇನ್ನೊಬ್ಬನ ಪಾಲು ಆಗಬಹುದಿತ್ತು. ಬ್ರಿಟಿಷ್ ವಸಾಹತುಗಳಲ್ಲಿ ಇಂಥವರು ಸುಮಾರು 8 ಲಕ್ಷ ಮಂದಿ ಇದ್ದರು.

ಅವರಿಗೆ ಬಿಡುಗಡೆ ಹೇಗೆ ಬಂತು? ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿಲ್ಬರ್‌ಫೋರ್ಸ್ ಎಂಬ ದೈವಭಕ್ತರು ಹೋರಾಡಿದರು, ಕಾನೂನು ಬಂತು ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಅದು ಸತ್ಯವೇ. ಆ ಪುಣ್ಯಾತ್ಮರು ಮಾಡಿದ ಕೆಲಸ ದೊಡ್ಡದು. ಆದರೆ ಅದು ಅರ್ಧ ಕಥೆ. ಉಳಿದ ಅರ್ಧವನ್ನು ಕೇಳಿ.

ಜಮೈಕಾ ದ್ವೀಪದಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಎಂಬ ಒಬ್ಬ ಗುಲಾಮನಿದ್ದ. ಬ್ಯಾಪ್ಟಿಸ್ಟ್ ಸಭೆಯ ಡೀಕನ್ ಆಗಿದ್ದ. ಓದಲು ಕಲಿತಿದ್ದ. ವೇದವನ್ನೂ ಓದುತ್ತಿದ್ದ, ವರ್ತಮಾನ ಪತ್ರಿಕೆಯನ್ನೂ ಓದುತ್ತಿದ್ದ. ಇಂಗ್ಲೆಂಡಿನಲ್ಲಿ ಬಿಡುಗಡೆಯ ಮಾತು ನಡೆಯುತ್ತಿದೆ ಎಂಬುದು ಅವನಿಗೆ ತಿಳಿಯಿತು. ಪ್ರಾರ್ಥನಾ ಕೂಟಗಳಾದ ಮೇಲೆ ತೋಟ ತೋಟದ ಜನರೊಡನೆ ಕುಳಿತು ಮಾತಾಡಿದ. 1831ರ ಕ್ರಿಸ್ಮಸ್ ರಜೆ ಮುಗಿದ ಮೇಲೆ ಕೂಲಿ ಕೊಡದೆ ಯಾರೂ ಕೆಲಸಕ್ಕೆ ಇಳಿಯಬಾರದು ಎಂಬುದು ಅವನ ಯೋಜನೆ. ವೇದಪುಸ್ತಕದ ಮೇಲೆ ಕೈಯಿಟ್ಟು ಜನ ಮಾತು ಕೊಟ್ಟರು. ಇದಕ್ಕೆ ನಾವು ಇವತ್ತು ಏನು ಹೆಸರು ಹೇಳುತ್ತೇವೆ? ಮುಷ್ಕರ. ಯೂನಿಯನ್ ಇಲ್ಲ, ಕೊಡಿ ಇಲ್ಲ, ಚಂದಾ ಇಲ್ಲ. ಆದರೂ ಮುಷ್ಕರ.

ಶಾರ್ಪನಿಗೆ ಬೇಕಿದ್ದದ್ದು ಶಾಂತಿಯ ಮುಷ್ಕರ. ಆದರೆ ಡಿಸೆಂಬರ್ 27ರ ರಾತ್ರಿ ಕೆನ್ಸಿಂಗ್ಟನ್ ಎಂಬ ಎಸ್ಟೇಟಿನಲ್ಲಿ ಬೆಂಕಿ ಎದ್ದಿತು. ಅದು ತೋಟದಿಂದ ತೋಟಕ್ಕೆ ಹರಡಿತು. ಸೈನ್ಯ ಬಂತು. ಹೊಡೆದಾಟದಲ್ಲಿ ಸತ್ತ ಗುಲಾಮರು ಇನ್ನೂರಕ್ಕೂ ಹೆಚ್ಚು. ಆಮೇಲೆ ವಿಚಾರಣೆ ನಡೆಸಿ ಕೊಂದವರು ಮುನ್ನೂರಕ್ಕೂ ಹೆಚ್ಚು. ದೊರೆಗಳ ಕಡೆ ಸತ್ತವರು ಹದಿನಾಲ್ಕು ಮಂದಿ. ಕೋಪಗೊಂಡ ತೋಟದ ದೊರೆಗಳ ಕಡೆಯವರು ಗುಲಾಮರು ಆರಾಧನೆ ಮಾಡುತ್ತಿದ್ದ ಪ್ರಾರ್ಥನಾಲಯಗಳನ್ನು ಸುಟ್ಟರು, ಕೆಡವಿದರು. 1832ರ ಮೇ 23ರಂದು ಮಾಂಟೆಗೊ ಬೇ ಪೇಟೆಯ ಚೌಕದಲ್ಲಿ ಸ್ಯಾಮ್ಯುಯೆಲ್ ಶಾರ್ಪನನ್ನು ಗಲ್ಲಿಗೇರಿಸಿದರು.

ಆದರೆ ಸುದ್ದಿ ಲಂಡನ್ನಿಗೆ ಹೋಯಿತು. ಜಮೈಕಾದಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ನಿಬ್ ಎಂಬ ಮಿಷನರಿಯವರು ಹಡಗು ಹತ್ತಿ ಹೋಗಿ ಅಲ್ಲಿ ನಡೆದದ್ದನ್ನೆಲ್ಲ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಶಾರ್ಪ್ ಸತ್ತು ಹದಿನೈದು ತಿಂಗಳಾಗುವಷ್ಟರಲ್ಲಿ, 1833ರ ಆಗಸ್ಟ್ 28ರಂದು, ಗುಲಾಮಗಿರಿ ರದ್ದು ಮಾಡುವ ಕಾನೂನಿಗೆ ಒಪ್ಪಿಗೆ ಬಿತ್ತು. ಬಿಡುಗಡೆ ಮೇಲಿನವರ ದಯೆಯಿಂದ ಮಾತ್ರ ಬಂತು ಎಂದು ಹೇಳುವವರಿಗೆ ಈ ತಾರೀಖುಗಳನ್ನು ತೋರಿಸಿ. 1975ರಲ್ಲಿ ಜಮೈಕಾ ಸರಕಾರ ಶಾರ್ಪನನ್ನು ರಾಷ್ಟ್ರವೀರ ಎಂದು ಸಾರಿತು. ಅವನನ್ನು ಗಲ್ಲಿಗೇರಿಸಿದ ಚೌಕಕ್ಕೆ ಈಗ ಅವನದೇ ಹೆಸರು.

ಕಾನೂನು 1834ರ ಆಗಸ್ಟ್ 1ರಂದು ಜಾರಿಗೆ ಬಂತು. ಅದರಲ್ಲಿ ಏನಿತ್ತು ಗೊತ್ತೇ? ಆರು ವರ್ಷಕ್ಕಿಂತ ಚಿಕ್ಕ ಮಕ್ಕಳು ಕೂಡಲೇ ಬಿಡುಗಡೆ. ದೊಡ್ಡವರು ಹೆಸರಿಗೆ ಸ್ವತಂತ್ರರು, ಆದರೆ ಕೆಲಸ ಕಲಿಯುವವರು ಎಂಬ ಹೆಸರಿನಲ್ಲಿ ಹಳೆಯ ದೊರೆಗೇ ದುಡಿಯಬೇಕು. ಹೊಲದ ಕೆಲಸದವರಿಗೆ ಆರು ವರ್ಷ. ವಾರಕ್ಕೆ 45 ಗಂಟೆಯವರೆಗೆ ಕೂಲಿ ಇಲ್ಲದ ಕೆಲಸ. ಹುಟ್ಟಿದಾಗಿನಿಂದ ಕಬ್ಬು ಕಡಿದವನಿಗೆ ಕಬ್ಬು ಕಡಿಯುವುದನ್ನು ಆರು ವರ್ಷ ಕಲಿಸಬೇಕೇ?

ಇನ್ನೊಂದು ಸಂಗತಿ. ಪರಿಹಾರ ಎಂದು ಬ್ರಿಟಿಷ್ ಸರಕಾರ 2 ಕೋಟಿ ಪೌಂಡ್ ಕೊಟ್ಟಿತು. ಅದು ಗುಲಾಮರಿಗೆ ಅಲ್ಲ, ಮಾಲೀಕರಿಗೆ. ದುಡಿದು ಬೆನ್ನು ಬಾಗಿದವರಿಗೆ ಒಂದು ಕಾಸೂ ಇಲ್ಲ. ಆ ಪರಿಹಾರಕ್ಕೆ ಮಾಡಿದ ಸಾಲ ಪೂರ್ತಿಯಾಗಿ ತೀರಿದ್ದು 2015ರಲ್ಲಿ. ಹಾಗೆಂದರೆ ಗುಲಾಮರ ಮರಿಮಕ್ಕಳು ಬ್ರಿಟನ್ನಿಗೆ ಹೋಗಿ ದುಡಿದು ಕಟ್ಟಿದ ತೆರಿಗೆಯಿಂದಲೂ ಆ ಸಾಲ ತೀರಿದೆ.

ಜನ ಇದನ್ನು ಸುಮ್ಮನೆ ಒಪ್ಪಲಿಲ್ಲ. ಆ ಆಗಸ್ಟ್ 1ರಂದೇ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ಪಟ್ಟಣದಲ್ಲಿ ಗವರ್ನರ್ ಈ ಕಾನೂನನ್ನು ವಿವರಿಸಲು ಹೊರಟಾಗ, ಕೈಯಲ್ಲಿ ಆಯುಧವಿಲ್ಲದ ಜನ, ಅವರಲ್ಲಿ ಮುದುಕರೇ ಹೆಚ್ಚು, ಆರು ವರ್ಷ ಬೇಡವೇ ಬೇಡ ಎಂದು ಕೂಗಿ ಗವರ್ನರರ ಮಾತು ಕೇಳದಂತೆ ಮಾಡಿದರು. ಆ ಕೂಗು ನಿಲ್ಲಲಿಲ್ಲ. ಆರು ವರ್ಷ ಎಂದದ್ದು ನಾಲ್ಕೇ ವರ್ಷಕ್ಕೆ ಮುಗಿಯಿತು. 1838ರ ಆಗಸ್ಟ್ 1ರಂದು ನಿಜವಾದ ಬಿಡುಗಡೆ ಆಯಿತು.

ಅದರ ಹಿಂದಿನ ರಾತ್ರಿ ಜಮೈಕಾದ ಫಾಲ್ಮತ್ ಊರಿನಲ್ಲಿ ನಡೆದದ್ದನ್ನು ಮಕ್ಕಳು ಕಿವಿಗೊಟ್ಟು ಕೇಳಬೇಕು. ನಿಬ್ ಅವರ ಪ್ರಾರ್ಥನಾಲಯದಲ್ಲಿ ಜನ ಕಿಕ್ಕಿರಿದು ಸೇರಿದರು. ಗಡಿಯಾರ ಹನ್ನೆರಡು ಹೊಡೆಯಿತು. ಬೆಳಗಾದ ಮೇಲೆ ಅವರು ಒಂದು ಶವಪೆಟ್ಟಿಗೆಯಲ್ಲಿ ಚಾಟಿ, ಸರಪಳಿ, ಕುತ್ತಿಗೆಗೆ ಹಾಕುವ ಕಬ್ಬಿಣದ ಪಟ್ಟಿ ಇವನ್ನು ಇಟ್ಟು ಮುಚ್ಚಿ ಹೂಳಿದರು. ಗುಲಾಮಗಿರಿಗೆ ಅಂತ್ಯಕ್ರಿಯೆ ಮಾಡಿದರು. ಆ ಗುಂಡಿಯ ಮೇಲೆ ಸ್ವಾತಂತ್ರ್ಯದ ಗಿಡ ನೆಟ್ಟರು.

ಈಗ ರಜೆಯ ವಿಷಯಕ್ಕೆ ಬರೋಣ. ಇಷ್ಟು ದೊಡ್ಡ ದಿನಕ್ಕೆ ರಜೆ ಸುಲಭವಾಗಿ ಉಳಿಯಿತು ಎಂದುಕೊಂಡಿರಾ? ಇಲ್ಲ. 1962ರಲ್ಲಿ ಜಮೈಕಾ ಸ್ವತಂತ್ರ ದೇಶವಾದಾಗ ಸ್ವಾತಂತ್ರ್ಯ ದಿನದ ರಜೆ ಬಂತು, ಬಿಡುಗಡೆಯ ದಿನದ ರಜೆ ಹೋಯಿತು. ಒಂದು ಇದ್ದರೆ ಸಾಕು ಎಂಬ ಎಣಿಕೆ. ಅಲ್ಲಿಂದ ಮೂವತ್ತೈದು ವರ್ಷ ಕಾಯಬೇಕಾಯಿತು. 1997ರಲ್ಲಿ ಆಗಸ್ಟ್ 1ರ ರಜೆ ಮತ್ತೆ ಬಂತು. ಟ್ರಿನಿಡಾಡಿನಲ್ಲಿ ಕೊಲಂಬಸ್ ಬಂದಿಳಿದ ನೆನಪಿಗೆ ಒಂದು ರಜೆ ಇತ್ತು. 1985ರಲ್ಲಿ ಅದನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಬಿಡುಗಡೆಯ ದಿನವನ್ನು ರಾಷ್ಟ್ರೀಯ ರಜೆ ಮಾಡಿದರು. ಹಡಗಿನ ಯಜಮಾನನ ದಿನ ಹೋಗಿ, ಹಡಗಿನ ತಳದಲ್ಲಿ ಸರಪಳಿ ಹಾಕಿಸಿಕೊಂಡು ಬಂದವರ ದಿನ ಬಂತು.

ಅಮೆರಿಕದ ಕಥೆಯೂ ಹೀಗೆಯೇ. ಅಲ್ಲಿ ದಕ್ಷಿಣದ ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಎಂದು ಅಧ್ಯಕ್ಷ ಲಿಂಕನ್ನರು ಸಾರಿದ್ದು 1863ರ ಜನವರಿ 1ರಂದು. ಆದರೆ ಟೆಕ್ಸಾಸ್ ರಾಜ್ಯದಲ್ಲಿ ಅದು ಹೆಸರಿಗೆ ಮಾತ್ರ ಉಳಿಯಿತು. 1865ರ ಜೂನ್ 19ರಂದು ಸೈನ್ಯ ಗಾಲ್ವೆಸ್ಟನ್ ಪಟ್ಟಣಕ್ಕೆ ಬಂದು ಆಜ್ಞೆ ಓದಿದ ಮೇಲೆಯೇ ಅದು ಅಲ್ಲಿ ನಡೆಯತೊಡಗಿತು. ಎರಡೂವರೆ ವರ್ಷ ತಡ. ಆ ಜನ ಜನವರಿ 1ನ್ನು ಬಿಟ್ಟು ಜೂನ್ 19ನ್ನೇ ತಮ್ಮ ಹಬ್ಬ ಮಾಡಿಕೊಂಡರು. 2021ರಲ್ಲಿ ಅದು ಇಡೀ ದೇಶದ ಸರಕಾರಿ ರಜೆಯಾಯಿತು. ಆಜ್ಞೆ ಬರೆದ ದಿನ ಒಂದು, ಅದು ದುಡಿಯುವವನ ಲೈನಿಗೆ ಬಂದು ಮುಟ್ಟಿದ ದಿನ ಇನ್ನೊಂದು. ನಮ್ಮ ಯೂನಿಯನ್ನಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾರಿಷಸ್. ಇಲ್ಲಿಂದ ಕಥೆ ನಮ್ಮ ಮನೆಗೇ ಬರುತ್ತದೆ. ಅಲ್ಲಿ ಗುಲಾಮಗಿರಿ ರದ್ದಾದದ್ದು 1835ರ ಫೆಬ್ರವರಿ 1ರಂದು. ಅಲ್ಲಿ ಲೆ ಮೋರ್ನ್ ಎಂಬ ದೊಡ್ಡ ಬಂಡೆಯ ಬೆಟ್ಟವಿದೆ. ತೋಟಗಳಿಂದ ಓಡಿಹೋದ ಗುಲಾಮರು ಅದರ ಗುಹೆಗಳಲ್ಲಿ ಅಡಗಿದ್ದರು. ಬಿಡುಗಡೆಯಾಯಿತು ಎಂದು ತಿಳಿಸಲು ಪೊಲೀಸರು ಬೆಟ್ಟ ಹತ್ತಿದಾಗ, ತಮ್ಮನ್ನು ಹಿಡಿಯಲು ಬಂದರೆಂದು ತಿಳಿದು ಅವರು ಮೇಲಿಂದ ಹಾರಿ ಪ್ರಾಣ ಬಿಟ್ಟರು ಎಂದು ಅಲ್ಲಿನ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದಿದ್ದಾರೆ. ಫೆಬ್ರವರಿ 1ರಂದು ಆ ಬೆಟ್ಟದ ಬುಡದಲ್ಲಿ ಅವರನ್ನು ನೆನೆಯುತ್ತಾರೆ.

ಗುಲಾಮರು ಹೋದ ಮೇಲೆ ಕಬ್ಬು ಕಡಿಯುವವರು ಯಾರು? ದೊರೆಗಳ ಕಣ್ಣು ನಮ್ಮ ದೇಶದ ಮೇಲೆ ಬಿತ್ತು. 1834ರ ನವೆಂಬರ್ 2ರಂದೇ ಅಟ್ಲಾಸ್ ಎಂಬ ಹಡಗು ಕಲ್ಕತ್ತದಿಂದ 36 ಮಂದಿಯನ್ನು ಮಾರಿಷಸ್ಸಿಗೆ ತಂದಿಳಿಸಿತು. ಆಮೇಲೆ ಮದರಾಸಿನಿಂದ, ಮುಂಬಯಿಯಿಂದ ಹಡಗುಗಳು ಹೋದವು. ಆ ಒಂದು ದ್ವೀಪಕ್ಕೆ ಹೋದವರೇ ಹತ್ತಿರ ಹತ್ತಿರ ಐದು ಲಕ್ಷ ಜನ. ಐದು ವರ್ಷದ ಒಪ್ಪಂದ, ತಿಂಗಳಿಗೆ ಐದು ರೂಪಾಯಿ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕತ್ತರಿ. ಹಡಗಿನಿಂದ ಇಳಿದು ಅವರು ಹತ್ತಿದ ಹದಿನಾರು ಕಲ್ಲು ಮೆಟ್ಟಿಲುಗಳು ಅಲ್ಲಿನ ಬಂದರಿನಲ್ಲಿ ಇನ್ನೂ ಇವೆ. ಆ ಜಾಗಕ್ಕೆ ಆಪ್ರವಾಸಿ ಘಾಟ್ ಎಂದು ಹೆಸರು. 2006ರಲ್ಲಿ ಅದನ್ನೂ, 2008ರಲ್ಲಿ ಲೆ ಮೋರ್ನ್ ಬೆಟ್ಟವನ್ನೂ ವಿಶ್ವ ಪರಂಪರೆಯ ಸ್ಥಳಗಳೆಂದು ಯುನೆಸ್ಕೋ ಗುರುತಿಸಿತು.

ಮಾರಿಷಸ್ಸಿನವರು ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚಿಗೆ. ಅವರು ಎರಡು ರಜೆ ಇಟ್ಟುಕೊಂಡಿದ್ದಾರೆ. ಗುಲಾಮಗಿರಿ ಮುಗಿದ ಫೆಬ್ರವರಿ 1ಕ್ಕೆ ಒಂದು. ಒಪ್ಪಂದದ ಕೂಲಿಗಳು ಬಂದಿಳಿದ ನವೆಂಬರ್ 2ಕ್ಕೆ ಇನ್ನೊಂದು. ಎರಡೂ 2001ರಿಂದ ನಡೆದು ಬಂದಿವೆ. ಒಂದು ಆಫ್ರಿಕಾದವರ ಮಕ್ಕಳ ಕಣ್ಣೀರು, ಇನ್ನೊಂದು ನಮ್ಮವರ ಮಕ್ಕಳ ಕಣ್ಣೀರು. ನಿನ್ನ ದುಃಖ ದೊಡ್ಡದೋ ನನ್ನದು ದೊಡ್ಡದೋ ಎಂದು ಜಗಳವಾಡದೆ ಎರಡು ದಿನವೂ ದೇಶವೆಲ್ಲ ಕೆಲಸ ನಿಲ್ಲಿಸುತ್ತದೆ.

ಈಗ ನಮ್ಮ ಕಡೆ ನೋಡೋಣ. 1833ರ ಆ ಕಾನೂನು ಈಸ್ಟ್ ಇಂಡಿಯಾ ಕಂಪೆನಿಯ ಭಾರತವನ್ನು ಹೊರಗೆ ಬಿಟ್ಟಿತ್ತು. ಇಲ್ಲಿ 1843ರಲ್ಲಿ ಬೇರೆ ಕಾನೂನು ಬಂತು. ಇವನು ನನ್ನ ಗುಲಾಮ ಎಂದು ಯಾರೂ ಕೋರ್ಟಿಗೆ ಹೋಗುವಂತಿಲ್ಲ ಎಂದಾಯಿತು. ತಿರುವಾಂಕೂರಿನ ಮಹಾರಾಜರು ಗುಲಾಮಗಿರಿ ರದ್ದು ಮಾಡಿದ್ದು 1855ರಲ್ಲಿ. ಆದರೆ ಹೆಸರು ಹೋಯಿತು, ಹಗ್ಗ ಉಳಿಯಿತು. ಆ ಹಗ್ಗದ ಹೆಸರು ಮುಂಗಡ. ವಯನಾಡಿನ, ನೀಲಗಿರಿಯ ಕಾಫಿ ತೋಟಗಳು ಎದ್ದಾಗ ಮೈಸೂರು ಸೀಮೆಯಿಂದ ನಮ್ಮ ಕನ್ನಡದ ಜನ ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟ ಹತ್ತಿದರು. ಮುಂಗಡ ತೀರಿಸದೆ ಕೆಲಸ ಬಿಟ್ಟರೆ ಜೈಲಿಗೆ ಹಾಕಲು 1859ರ ಕಾನೂನು ಇತ್ತು. ದೊರೆ ಕೂಲಿ ಕೊಡದಿದ್ದರೆ ಅವನನ್ನು ಜೈಲಿಗೆ ಹಾಕಲು ಆ ಕಾನೂನಿನಲ್ಲಿ ಜಾಗವಿರಲಿಲ್ಲ. ಅದು ಹೋಗುವಷ್ಟರಲ್ಲಿ 1920ರ ದಶಕ ಬಂದಿತ್ತು.

ಮಾನಂತವಾಡಿಯ ಹತ್ತಿರದ ವಳ್ಳಿಯೂರ್‌ಕಾವಿನ ಜಾತ್ರೆಯ ವಿಷಯ ವಯನಾಡಿನ ಹಿರಿಯರಿಗೆ ಗೊತ್ತು. ಅಡಿಯರು, ಪಣಿಯರು ಆ ಜಾತ್ರೆಯಲ್ಲಿ ಜಮೀನ್ದಾರರಿಂದ ಸ್ವಲ್ಪ ಹಣ ತೆಗೆದುಕೊಂಡರೆ ಮುಂದಿನ ಜಾತ್ರೆಯ ತನಕ ಅವರಿಗೇ ಕಟ್ಟುಬಿದ್ದು ದುಡಿಯಬೇಕಾಗಿತ್ತು. ದೇವಿಯ ಸನ್ನಿಧಿಯಲ್ಲಿ ಕೊಟ್ಟ ಮಾತು, ಮುರಿಯುವಂತಿಲ್ಲ. ಇದು ನಿನ್ನೆ ಮೊನ್ನೆಯ ಸಂಗತಿ, ನಮ್ಮ ಅಜ್ಜಂದಿರ ಕಾಲದ್ದು.

ಕನ್ನಡದಲ್ಲಿ ಇದಕ್ಕೆ ಜೀತ ಎಂದು ಹೆಸರು. ಆ ಪದದ ಹಳೆಯ ಅರ್ಥ ಸಂಬಳ ಎಂದೇ. ರಾಯದುರ್ಗ, ಮಡಕಶಿರಾ ಕಡೆಯವರನ್ನು ಕೇಳಿ ನೋಡಿ, ತೆಲುಗಿನಲ್ಲಿ ಇಂದಿಗೂ ತಿಂಗಳ ಸಂಬಳಕ್ಕೆ ಜೀತಂ ಎನ್ನುತ್ತಾರೆ. ಸಂಬಳ ಎಂಬ ಮಾತೇ ನಮ್ಮಲ್ಲಿ ಸಂಬಳವಿಲ್ಲದ ಕೆಲಸದ ಹೆಸರಾಗಿಬಿಟ್ಟಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

1975ರ ಅಕ್ಟೋಬರ್ 25ರಿಂದ ನಮ್ಮ ದೇಶದಲ್ಲಿ ಜೀತಪದ್ಧತಿ ರದ್ದಾಯಿತು. 1976ರ ಫೆಬ್ರವರಿ 9ರಂದು ಅದು ಪೂರ್ಣ ಕಾನೂನಾಯಿತು. ಜೀತದ ಸಾಲವೆಲ್ಲ ಅಳಿದುಹೋಯಿತು, ಯಾರೂ ಅದನ್ನು ವಸೂಲಿ ಮಾಡುವಂತಿಲ್ಲ. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷದ ತನಕ ಸಜೆ. ಫೆಬ್ರವರಿ 9ನ್ನು ಜೀತ ನಿರ್ಮೂಲನ ದಿನ ಎಂದು ಆಚರಿಸುತ್ತಾರೆ. ಎಲ್ಲಿ? ಸರಕಾರಿ ಕಚೇರಿಗಳಲ್ಲಿ ಪ್ರತಿಜ್ಞೆ ಓದುತ್ತಾರೆ, ಕೆಲವು ಕಡೆ ಸಭೆ ಮಾಡುತ್ತಾರೆ. ಯಾರಿಗೆ ಬಿಡುಗಡೆಯಾಯಿತೋ ಅವರು ಆ ದಿನವೂ ಕೆಲಸಕ್ಕೆ ಹೋಗಿರುತ್ತಾರೆ. ಅವರ ಮಕ್ಕಳಿಗೆ ಅದು ಯಾವ ದಿನ ಎಂದೇ ತಿಳಿಯದು.

ಆದ್ದರಿಂದ ನಾನು ಕೇಳುತ್ತೇನೆ, ಈ ದಿನಕ್ಕೆ ನಮಗೂ ಒಂದು ರಜೆ ಬೇಡವೇ?

ಮೂರು ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು, ರಜೆ ಎಂದರೆ ದಿನಗೂಲಿಯವರಿಗೆ ಕೂಲಿ ಹೋಗುತ್ತದೆ ಎಂಬುದು. ನ್ಯಾಯವಾದ ಮಾತು. ಆದ್ದರಿಂದಲೇ ಅದು ಸಂಬಳ ಸಹಿತ ರಜೆಯೇ ಆಗಬೇಕು. ಕೂಲಿ ಇಲ್ಲದೆ ದುಡಿದವರ ನೆನಪಿನ ದಿನದಲ್ಲಿ ಕೂಲಿ ಕತ್ತರಿಸಿದರೆ ಅವರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ.

ಎರಡನೆಯದು, ಹಳೆಯ ಅವಮಾನವನ್ನು ಏಕೆ ಕೆದಕಬೇಕು, ಮಕ್ಕಳು ಓದಿ ಮುಂದೆ ಬರಲಿ ಎಂಬುದು. ಇದನ್ನು ನಮ್ಮ ಜನರೇ ಹೇಳುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ನಾಚಿಕೆ ಯಾರದು? ಸರಪಳಿ ಹಾಕಿಸಿಕೊಂಡವನದೋ, ಹಾಕಿದವನದೋ? ಫಾಲ್ಮತ್ತಿನ ಜನ ಚಾಟಿಯನ್ನು ರಾತ್ರೋರಾತ್ರಿ ಕದ್ದು ಎಸೆಯಲಿಲ್ಲ. ಎಲ್ಲರ ಮುಂದೆ ಹೂಳಿದರು. ಏನನ್ನು ಹೂಳಿದೆವು ಎಂಬುದನ್ನು ಬಲ್ಲವನೇ ಅದು ಮತ್ತೆ ಬೇರೆ ಹೆಸರಿನಲ್ಲಿ ಬಂದಾಗ ಗುರುತು ಹಿಡಿಯುತ್ತಾನೆ. ಇವತ್ತೂ ಮುಂಗಡ ಕೊಟ್ಟು ಇಟ್ಟಿಗೆ ಗೂಡುಗಳಿಗೆ, ದೂರದ ತೋಟಗಳಿಗೆ ಜನರನ್ನು ಕರೆದುಕೊಂಡು ಹೋಗುವವರು ಇದ್ದಾರೆ. ಬೇರೆ ರಾಜ್ಯಗಳಿಂದ ನಮ್ಮ ಎಸ್ಟೇಟುಗಳಿಗೆ ಬರುವ ಹುಡುಗರ ಆಧಾರ್ ಕಾರ್ಡನ್ನು ಯಾರಾದರೂ ಕಿತ್ತಿಟ್ಟುಕೊಂಡರೆ, ಸಾಲ ತೀರುವ ತನಕ ಊರಿಗೆ ಹೋಗಬೇಡ ಎಂದರೆ, ಅದು ಅದೇ ಹಳೆಯ ಹಗ್ಗ. ಅದನ್ನು ನಾವಲ್ಲದೆ ಇನ್ಯಾರು ಗುರುತು ಹಿಡಿಯಬೇಕು?

ಮೂರನೆಯದು, ಇದು ಯೂನಿಯನ್ನಿನ ಮಾತು, ವೇದದ ಮಾತಲ್ಲ ಎಂಬುದು. ಅಂಥವರು ಧರ್ಮೋಪದೇಶಕಾಂಡದ 5ನೇ ಅಧ್ಯಾಯವನ್ನು ಓದಿ ನೋಡಲಿ. ಸಬ್ಬತ್ ದಿನ ಕೆಲಸ ಮಾಡಬಾರದು, ನೀನೂ, ನಿನ್ನ ಆಳೂ, ನಿನ್ನ ದನವೂ ಸಹ ವಿಶ್ರಮಿಸಬೇಕು ಎಂದು ದೇವರು ಆಜ್ಞೆ ಕೊಡುತ್ತಾರೆ. ಅದಕ್ಕೆ ಅಲ್ಲಿ ಕೊಟ್ಟಿರುವ ಕಾರಣವೇನು? ಐಗುಪ್ತದಲ್ಲಿ ನೀವೇ ದಾಸರಾಗಿದ್ದಿರಿ, ಅದನ್ನು ಮರೆಯಬೇಡಿ ಎಂಬುದೇ. ವಾರದ ರಜೆಯೇ ದಾಸ್ಯ ಮುಗಿದ ನೆನಪಿಗೆ ಕೊಟ್ಟ ರಜೆ! ಪಸ್ಕಹಬ್ಬವೂ ಅದೇ. ಮಕ್ಕಳು ಈ ಹಬ್ಬ ಏಕೆ ಎಂದು ಕೇಳಿದರೆ ಬಿಡುಗಡೆಯ ಕಥೆ ಹೇಳಬೇಕು ಎಂದು ವಿಮೋಚನಕಾಂಡದಲ್ಲಿ ಆಜ್ಞೆ ಇದೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಒಂದು ವೇದಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ಇಸ್ರಾಯೇಲ್ಯರು ಐಗುಪ್ತದಿಂದ ಹೊರಟುಬಂದ ಭಾಗವನ್ನೇ ಬಿಟ್ಟುಬಿಟ್ಟಿದ್ದರು. ಯಾವ ಭಾಗದಲ್ಲಿ ಬೆಂಕಿ ಇದೆ ಎಂಬುದು ದೊರೆಗಳ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು. ನಮಗೂ ಗೊತ್ತಿರಲಿ.

ಸರಕಾರ ಈ ರಜೆಯನ್ನು ನಾಳೆಯೇ ಕೊಡುತ್ತದೆ ಎಂದು ನಾನು ಹೇಳುವುದಿಲ್ಲ. ಜಮೈಕಾದವರು ಹೋದ ರಜೆಯನ್ನು ಮರಳಿ ಪಡೆಯಲು ಮೂವತ್ತೈದು ವರ್ಷ ಕಾದರು. ನಾವು ಬೇಡಿಕೆಯನ್ನು ಬರೆದು ಯೂನಿಯನ್ ಸಮಿತಿಯ ಮುಂದೆ ಇಡೋಣ. ಅದು ಬರುವ ತನಕ ಪ್ರತಿ ವರ್ಷ ಫೆಬ್ರವರಿ 9ರ ಸಂಜೆ, ಕೆಲಸ ಬಿಟ್ಟ ಮೇಲೆ, ಒಂದು ಗಂಟೆ ಹೊತ್ತು ನಮ್ಮ ನಮ್ಮ ಲೈನಿನಲ್ಲಿ ಸೇರೋಣ. ಯಾವ ಜಾತಿ, ಯಾವ ಮತ ಎಂದು ನೋಡದೆ ಎಲ್ಲರನ್ನೂ ಕರೆಯೋಣ. ಹಿರಿಯರು ತಾವು ಕಂಡದ್ದನ್ನು, ತಮ್ಮ ತಂದೆತಾಯಿ ಹೇಳಿದ್ದನ್ನು ಹೇಳಲಿ. ಶಾಲೆಗೆ ಹೋಗುವ ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಯಾವ ಊರಿನಿಂದ ಬಂದೆವು, ಯಾವ ಮೇಸ್ತ್ರಿ ಕರೆತಂದ, ಎಷ್ಟು ಮುಂಗಡ, ಅದು ತೀರಲು ಎಷ್ಟು ವರ್ಷ ಹಿಡಿಯಿತು ಎಂದು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ.

ಅಜ್ಜ ಅಜ್ಜಿಯರು ಇನ್ನು ಎಷ್ಟು ವರ್ಷ ನಮ್ಮೊಡನೆ ಇರುತ್ತಾರೆ? ಅವರು ಹೋದ ಮೇಲೆ ರಜೆ ಬಂದರೆ, ಅದು ಏಕೆ ಬಂತು ಎಂದು ಮಕ್ಕಳಿಗೆ ಹೇಳುವವರು ಯಾರೂ ಇರುವುದಿಲ್ಲ. ಅದಕ್ಕೆ ಮೊದಲು ಕಥೆಯನ್ನು ಕೂಡಿಡೋಣ. ರಜೆ ಆಮೇಲೆ ಬರಲಿ.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.